ತಲೆಗಾಯಕ್ಕೆ ಹೊಲಿಗೆಯೋ, ಪಿನ್ನೋ, ಕೂದಲ ಹುರಿಯೋ: ಖರ್ಚು ಲೆಕ್ಕ ಹಾಕುವುದು ಹೇಗೆ?

ತಿಪಟೂರು, ಗುಬ್ಬಿ ಕಡೆಯ ತೋಟಗಳಲ್ಲಿ ಒಣ ಗರಿ ಬಿದ್ದು ನೆತ್ತಿ ಸೀಳಿದರೆ ರಕ್ತ ಧಾರಾಕಾರ ಸುರಿಯುತ್ತದೆ. ಮೊದಲು ಒಗೆದ ಬಟ್ಟೆ ಮಡಚಿ ಹತ್ತು–ಹದಿನೈದು ನಿಮಿಷ ಬಿಗಿಯಾಗಿ ಒತ್ತಿ, ನಡುವೆ ತೆಗೆದು ನೋಡಬೇಡಿ. ಕಾಫಿ ಪುಡಿ, ಅರಿಶಿನ ಖಂಡಿತ ಬೇಡ. ಗಾಯದೊಳಗೆ ಅಂಟಿದ ಪುಡಿಯನ್ನೆಲ್ಲ ತೊಳೆದು ತೆಗೆಯಬೇಕು, ಉಳಿದರೆ ಕೀವಾಗುತ್ತದೆ. ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ ಖರ್ಚಿನ ಮಾತೇ ಬೇಡ. 108ಕ್ಕೆ ಕರೆ ಮಾಡಿ.

ಉಳಿದ ಗಾಯಗಳನ್ನು ಮುಚ್ಚಲು ಮೂರು ದಾರಿ: ದಾರದ ಹೊಲಿಗೆ, ಸ್ಟೇಪ್ಲರಿನಿಂದ ಹೊಡೆಯುವ ಪಿನ್ನು, ಗಾಯದ ಎರಡೂ ಬದಿಯ ಕೂದಲನ್ನೇ ಹೊಸೆದು ಅಂಟಿಸುವ ಕೂದಲ ಹುರಿ. ಲೆಕ್ಕ ಹೀಗೆ. ಧನುರ್ವಾಯು ತಡೆಯುವ ಚುಚ್ಚುಮದ್ದು, ತೊಳೆಯುವ ಸಲೈನ್ ಎಲ್ಲ ವಿಧಾನಕ್ಕೂ ಒಂದೇ, ಅವುಗಳ ಖರ್ಚನ್ನು ಹೋಲಿಕೆಯಿಂದ ಬಿಟ್ಟುಬಿಡಿ. ಹೊಲಿಗೆಗೆ ನೈಲಾನ್ ದಾರ, ಮರಗಟ್ಟಿಸುವ ಇಂಜೆಕ್ಷನ್, ಶುದ್ಧೀಕರಿಸಿದ ಸಲಕರಣೆ, ಜೊತೆಗೆ ವೈದ್ಯರ ಹೆಚ್ಚು ಸಮಯ. ಪಿನ್ನು ಹೊಡೆಯುವ ಕೆಲಸ ಬೇಗ ಮುಗಿಯುತ್ತದೆ. ಆದರೆ ಸಾಮಾನ್ಯ ಸ್ಟೇಪ್ಲರಿನಲ್ಲಿ 35 ಪಿನ್ನಿರುತ್ತವೆ. ನಾಲ್ಕು ಸೆಂಟಿಮೀಟರ್ ಗಾಯಕ್ಕೆ ಐದಾರು ಸಾಕು, ಉಳಿದದ್ದನ್ನು ಇನ್ನೊಬ್ಬರಿಗೆ ಬಳಸುವಂತಿಲ್ಲ. ಬಿಲ್ಲು ಮಾತ್ರ ಪೂರ್ತಿ ಸ್ಟೇಪ್ಲರಿನದು. ಚಿಕ್ಕ ಸ್ಟೇಪ್ಲರ್ ಇದೆಯೇ ಎಂದು ಕೇಳಿ.

ಬಿಲ್ಲಿನಲ್ಲಿ ಕಾಣದ ಖರ್ಚೇ ದೊಡ್ಡದು. ಹೊಲಿಗೆ, ಪಿನ್ನು ಎರಡನ್ನೂ 7–10 ದಿನಕ್ಕೆ ತೆಗೆಸಬೇಕು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಚಾರ್ಜು ಉಳಿದರೂ ಗಾಯಾಳು ಮತ್ತು ಜೊತೆಗೆ ಬಂದವರ ಒಂದು ದಿನದ ಕೂಲಿ ಹೋಗುತ್ತದೆ. ಪಿನ್ನು ಕೀಳಲು ಬೇರೆಯೇ ಉಪಕರಣ ಬೇಕು. ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅದಿದೆಯೇ ಎಂದು ಮೊದಲೇ ವಿಚಾರಿಸಿ.

ಈ ಎರಡನೇ ಓಡಾಟ ತಪ್ಪಿಸುವುದು ಕೂದಲ ಹುರಿ. ಸೀಳಿನ ಎರಡೂ ಬದಿಯಿಂದ ಐದಾರು ಎಳೆ ಕೂದಲನ್ನು ಇಕ್ಕಳದಲ್ಲಿ ಹಿಡಿದು, ಅಂಚುಗಳು ಕೂಡುವಂತೆ ಎಳೆದು, ಒಂದು ಪೂರ್ತಿ ಸುತ್ತು ಹೊಸೆದು, ಹೊಸೆದಲ್ಲಿ ಒಂದೇ ಹನಿ ವೈದ್ಯಕೀಯ ಅಂಟು ಬಿಡುತ್ತಾರೆ. ಗಂಟಿಲ್ಲ, ಬೋಳಿಸುವುದಿಲ್ಲ, ಸಾಮಾನ್ಯವಾಗಿ ಇಂಜೆಕ್ಷನ್ನೂ ಬೇಡ. ವಾರ, ಹತ್ತು ದಿನದಲ್ಲಿ ಅಂಟು ತಾನೇ ಉದುರುತ್ತದೆ. ಹನಿ ಹೆಚ್ಚಾಗಿ ಗಾಯದೊಳಗೆ ಇಳಿದರೆ ಅಂಚುಗಳು ಕೂಡುವುದಿಲ್ಲ. ಕೂದಲು ರಕ್ತದಲ್ಲಿ, ಎಣ್ಣೆಯಲ್ಲಿ ನೆನೆದಿದ್ದರೆ ಹುರಿ ಜಾರುತ್ತದೆ. ಅಂಗಡಿಯ ಅಂಟು ತಂದು ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಕೂದಲು ಕನಿಷ್ಠ ಒಂದು ಸೆಂಟಿಮೀಟರ್ ಇರಬೇಕು, ಹಾಗಾಗಿ ಈಚೆಗೆ ಮುಡಿ ಕೊಟ್ಟವರಿಗೆ ಆಗದು. ಗಾಯ 10 ಸೆಂಟಿಮೀಟರ್ ಮೀರಬಾರದು, ರಕ್ತ ನಿಂತಿರಬೇಕು. ಸೀಳು ಚರ್ಮದಡಿಯ ಗಟ್ಟಿ ಪೊರೆ ದಾಟಿ ಬಾಯಿ ಬಿಟ್ಟಿದ್ದರೆ ಒಳಪದರಕ್ಕೆ ಕರಗುವ ದಾರದ ಹೊಲಿಗೆ ಬೇಕೇ ಬೇಕು. ಅಲ್ಲಿ ಉಳಿತಾಯ ನೋಡಬೇಡಿ.