ಕೆನೆಲ್ ಶುರುವಾಗುವುದು ಒಂದು ಒಳ್ಳೆಯ ಹೆಣ್ಣಿನಿಂದ

ಜಾತಿನಾಯಿಗಳ ಕೆನೆಲ್, ಅಂದರೆ ನಾಯಿ ಸಾಕಿ ಮರಿ ಮಾಡಿಸುವ ಜಾಗ, ಶುರು ಮಾಡಲು ಗಂಡು ನಾಯಿ ಬೇಕಾಗಿಲ್ಲ. ನಾನು ಶುರು ಮಾಡಿದ್ದು ಹೆಣ್ಣಿನಿಂದಲೇ. ಹೊಸಬರಿಗೂ ಹೇಳುವುದು ಅದನ್ನೇ. ಕೈಯಲ್ಲಿರುವ ದುಡ್ಡನ್ನು ಒಂದು ಒಳ್ಳೆಯ ಹೆಣ್ಣು ಮರಿಗೆ ಹಾಕಿ. ಗೂಡು, ಬೋರ್ಡು ಎಲ್ಲ ಆಮೇಲೆ. ಒಳ್ಳೆಯ ಗಂಡು ಬೇರೆ ಬ್ರೀಡರ್ ಹತ್ತಿರ ಕ್ರಾಸಿಂಗ್‌ಗೆ ಸಿಗುತ್ತದೆ. ಸ್ವಂತದ್ದು ಮನೆಯಲ್ಲಿದ್ದರೆ, ಹೊಂದಲಿ ಬಿಡಲಿ, ಪ್ರತಿ ಸಲ ಅದನ್ನೇ ಬಿಡೋಣ ಅನ್ನಿಸುತ್ತದೆ.

ಪೆಡಿಗ್ರಿ (ವಂಶಾವಳಿ) ಕಾಗದದಲ್ಲಿ ಇರುವುದು ಹೆಸರುಗಳು ಮಾತ್ರ. ನಾನು ಮರಿಯ ತಾಯಿಯನ್ನು ನೋಡುತ್ತೇನೆ, ಸಾಧ್ಯವಾದರೆ ಅದರ ಒಡಹುಟ್ಟಿದವುಗಳನ್ನೂ. ಅಪರಿಚಿತರು ಬಂದಾಗ ಹೆದರಿ ಮೂಲೆ ಸೇರುವ ತಾಯಿಯ ಮರಿ ಬೇಡ. ಪುಕ್ಕಲುತನ ರಕ್ತದಲ್ಲೂ ಬರುತ್ತದೆ, ತಾಯಿಯನ್ನು ನೋಡಿ ಕಲಿತೂ ಬರುತ್ತದೆ. ದೊಡ್ಡ ತಳಿಗಳಲ್ಲಿ ಸೊಂಟದ ಕೀಲಿನ ಎಕ್ಸ್-ರೇ ಮುಖ್ಯ. ಎರಡು ವರ್ಷ ತುಂಬಿದ ಮೇಲೆ ತೆಗೆದದ್ದನ್ನೇ ನಾನು ನಂಬುವುದು. ಕುರುಡು ತರುವ ಪಿಆರ್‌ಎಯಂಥ ಕಾಯಿಲೆಗಳಿಗೆ ಹಲವು ತಳಿಗಳಲ್ಲಿ ಡಿಎನ್‌ಎ ಪರೀಕ್ಷೆ ಇದೆ. ಅಂಥ ಅಪ್ರಬಲ ಜೀನಿನ ಕಾಯಿಲೆಯಲ್ಲಿ (ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ತೋರುವಂಥದ್ದು) ಹೆಣ್ಣು ಕ್ಯಾರಿಯರ್, ಅಂದರೆ ಒಂದೇ ಕೆಟ್ಟ ಜೀನ್ ಹೊತ್ತು ತಾನು ಆರೋಗ್ಯವಾಗಿರುವುದು, ಎಂದು ಬಂದರೆ ಅದನ್ನು ಕೈಬಿಡಬೇಕಿಲ್ಲ. ಕ್ಲಿಯರ್, ಅಂದರೆ ಆ ಜೀನ್ ಇಲ್ಲದ ಗಂಡಿನ ಜೊತೆ ಕೂಡಿಸಿದರೆ ಸರಾಸರಿ ಅರ್ಧ ಮರಿಗಳು ಕ್ಯಾರಿಯರ್ ಆಗುತ್ತವೆ, ಯಾವುದಕ್ಕೂ ಕಾಯಿಲೆ ಬರುವುದಿಲ್ಲ. ಕ್ಯಾರಿಯರ್‌ಗೆ ಕ್ಯಾರಿಯರ್ ಸೇರಿಸಿದರೆ ಮಾತ್ರ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹತ್ತಿರದ ರಕ್ತವನ್ನು ಕೂಡಿಸುವವರು ಈ ಲೆಕ್ಕ ಗೊತ್ತಿಟ್ಟುಕೊಂಡಿರಲಿ: ತಂದೆ-ಮಗಳು ಅಥವಾ ಅಣ್ಣ-ತಂಗಿ ಕೂಡಿದರೆ ಮರಿಗಳ ಒಳಸಂಕರ ಪ್ರಮಾಣ (ಒಂದೇ ಪೂರ್ವಜರ ಜೀನ್ ಎರಡೂ ಕಡೆಯಿಂದ ಬರುವ ಸಂಭವ) ಕನಿಷ್ಠ ಶೇ. 25, ಅಣ್ಣ-ತಂಗಿಗೆ ತಂದೆ ಅಥವಾ ತಾಯಿ ಮಾತ್ರ ಒಂದಾಗಿದ್ದರೆ ಶೇ. 12.5.

ಬೆದೆಯ ವಿಷಯದಲ್ಲಿ, ರಕ್ತ ಕಂಡ ‘11ನೇ ದಿನ, 13ನೇ ದಿನ’ ಗಂಡು ಬಿಡಬೇಕು ಎಂಬ ಹಳೆಯ ಲೆಕ್ಕ ಅನೇಕರಿಗೆ ಕೈಕೊಟ್ಟಿದೆ. ಕೆಲವು ಹೆಣ್ಣುಗಳಲ್ಲಿ ಮೊದಲ ವಾರ ಮುಗಿಯುವಷ್ಟರಲ್ಲೇ ಅಂಡ ಬಿಡುಗಡೆಯಾಗುತ್ತದೆ, ಕೆಲವಕ್ಕೆ ಮೂರು ವಾರ ಬೇಕು. ರಕ್ತ ಕಂಡ ಐದಾರನೇ ದಿನದಿಂದ ಎರಡು ದಿನಕ್ಕೊಮ್ಮೆ ಪ್ರೊಜೆಸ್ಟೆರಾನ್ (ಅಂಡ ಬಿಡುಗಡೆಯ ಹೊತ್ತಿಗೆ ರಕ್ತದಲ್ಲಿ ಏರುವ ಹಾರ್ಮೋನ್) ಪರೀಕ್ಷೆ ಮಾಡಿಸುತ್ತೇನೆ. ಮಿಲಿಲೀಟರಿಗೆ 2 ನ್ಯಾನೋಗ್ರಾಂ ದಾಟಿದರೆ ಸಮಯ ಹತ್ತಿರ ಬಂತು, 5ರ ಆಸುಪಾಸಿನಲ್ಲಿ ಅಂಡ ಬಿಡುಗಡೆ. ಆದರೆ ಅಂಡ ಬಲಿಯಲು ಇನ್ನೆರಡು ದಿನ ಬೇಕು. ಹಾಗಾಗಿ ಬಿಡುಗಡೆಯಾದ ಎರಡನೇ ದಿನ ಒಮ್ಮೆ, ನಾಲ್ಕನೇ ದಿನ ಇನ್ನೊಮ್ಮೆ ಗಂಡು ಬಿಡುವುದು. ಅದಕ್ಕೂ ಮೊದಲೇ ಎರಡೂ ನಾಯಿಗಳಿಗೆ ಬ್ರೂಸೆಲ್ಲಾ (ಕೂಡುವಾಗ ಹರಡಿ ಗಬ್ಬ ಕಳೆಯುವ ಸೋಂಕು) ಪರೀಕ್ಷೆ ಆಗಿರಬೇಕು. ಈ ವಿಷಯದಲ್ಲಿ ಸ್ನೇಹಿತರಿಗೂ ರಿಯಾಯಿತಿ ಇಲ್ಲ.

ಅಂಡ ಬಿಡುಗಡೆಯ ದಿನ ಗೊತ್ತಿದ್ದರೆ ಅಲ್ಲಿಂದ 63ನೇ ದಿನ, ಒಂದು ದಿನ ಆಚೀಚೆ, ಮರಿ ಹಾಕುತ್ತದೆ. ಗಬ್ಬದಲ್ಲಿ ಕ್ಯಾಲ್ಸಿಯಂ ಮಾತ್ರೆ ಕೊಡುವುದಿಲ್ಲ. ಹೊರಗಿನಿಂದ ಹೇರಳವಾಗಿ ಸಿಕ್ಕಾಗ ದೇಹ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವುದನ್ನು ಮರೆಯುತ್ತದೆ, ಹಾಲು ಏರುವ ಹೊತ್ತಿಗೆ ರಕ್ತದಲ್ಲಿ ಅದು ಕುಸಿದು ತಾಯಿ ನಡುಗಿ, ಸೆಟೆದು ಬೀಳಬಹುದು. 55ನೇ ದಿನ ಕಳೆದ ಮೇಲೆ ಎಕ್ಸ್-ರೇ ತೆಗೆಸಿ ಮರಿಗಳನ್ನು ಎಣಿಸಿಕೊಂಡರೆ ಹೆರಿಗೆ ಮುಗಿಯಿತೋ ಇಲ್ಲವೋ ಎಂಬ ಗೊಂದಲ ಇರುವುದಿಲ್ಲ.

ಕೊನೆಯ ವಾರ ದಿನಕ್ಕೆ ಎರಡು ಮೂರು ಸಲ ಜ್ವರ ನೋಡುತ್ತೇನೆ. 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದದ್ದು 37ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಜೋರಾಗಿ ಮುಕ್ಕಿ ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ, ಒಳಗೆ ಮರಿಯಿದ್ದೂ ಎರಡು ಗಂಟೆ ಸುಮ್ಮನಿದ್ದರೆ, ಇಲ್ಲವೇ ಮೊದಲ ಮರಿಗೂ ಮುಂಚೆ ಕಡುಹಸಿರು ದ್ರವ ಬಂದರೆ ಡಾಕ್ಟರ ಹತ್ತಿರ ಹೊರಡಬೇಕು. ಕೈಹಾಕಿ ಎಳೆಯುವ ಸಾಹಸ ಬೇಡ.

ಎಳೆ ಮರಿಗಳನ್ನು ಹಸಿವಿಗಿಂತ ಬೇಗ ಕೊಲ್ಲುವುದು ಚಳಿ. ಮೊದಲ ವಾರ ಅವಕ್ಕೆ ನಡುಗಲೂ ಬರುವುದಿಲ್ಲ. ಮರಿ ಮಲಗುವ ಮಟ್ಟದಲ್ಲಿ 29ರಿಂದ 32 ಡಿಗ್ರಿ ಶಾಖ ಇರಬೇಕು, ಆದರೆ ತಾಯಿ-ಮರಿ ಇರುವ ಪೆಟ್ಟಿಗೆಯ ಒಂದೇ ಬದಿಗೆ. ಇಡೀ ಪೆಟ್ಟಿಗೆ ಬಿಸಿಯಾದರೆ ತಾಯಿ ಎದ್ದುಹೋಗುತ್ತದೆ. ಗೋಡೆಗುಂಟ ಒಳಗಡೆ ಒಂದು ಅಡ್ಡಪಟ್ಟಿ ಹೊಡೆಯಿರಿ, ತಾಯಿ ಒರಗಿದಾಗ ಮರಿ ಅದರ ಕೆಳಗೆ ಉಳಿದುಕೊಳ್ಳುತ್ತದೆ. ಗುಂಪಿನಿಂದ ದೂರ ಸರಿದು, ಮುಟ್ಟಿದರೆ ತಣ್ಣಗಿರುವ ಮರಿ ಸಿಕ್ಕರೆ ಕೂಡಲೇ ಬಾಯಿಗೆ ಹಾಲು ಹಾಕಬಾರದು. ಮೈ ಶಾಖ 34ರ ಕೆಳಗಿಳಿದಾಗ ಕರುಳು ಕೆಲಸ ಮಾಡುವುದಿಲ್ಲ. ಕುಡಿಸಿದ ಹಾಲು ಹೊಟ್ಟೆಯಲ್ಲೇ ಹುಳಿಯುತ್ತದೆ, ಶ್ವಾಸಕೋಶಕ್ಕೂ ಹೋದೀತು. ಒಂದೆರಡು ಗಂಟೆ ನಿಧಾನವಾಗಿ ಬೆಚ್ಚಗೆ ಮಾಡಿ, ಬಾಯೊಳಗೆ ಬೆರಳಿಟ್ಟಾಗ ಅದು ಚೀಪತೊಡಗಿದ ಮೇಲೆ ಮೊಲೆಗೆ ಹಿಡಿಯುವುದು.

ಮರಿಗಳಿಗೆ ಬಣ್ಣದ ದಾರ ಕಟ್ಟಿ, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗುತ್ತೇನೆ. ಮೊದಲ ದಿನ ತುಸು ಇಳಿದರೆ ಪರವಾಗಿಲ್ಲ. ಎರಡನೇ ದಿನವೂ ಏರದಿದ್ದರೆ ಮರಿ ನೋಡಲು ಎಷ್ಟೇ ಚೆನ್ನಾಗಿರಲಿ, ಏನೋ ತಪ್ಪಿದೆ ಎಂದೇ ಲೆಕ್ಕ. ಏಳರಿಂದ ಹತ್ತು ದಿನದೊಳಗೆ ಹುಟ್ಟುತೂಕ ಎರಡರಷ್ಟಾಗಬೇಕು. ಎರಡನೇ ವಾರದಿಂದ ಎರಡು ವಾರಕ್ಕೊಮ್ಮೆ ತಾಯಿಗೂ ಮರಿಗಳಿಗೂ ಜಂತಿನ ಔಷಧಿ.

ಮೊದಲ ಲಸಿಕೆ ಆರರಿಂದ ಎಂಟನೇ ವಾರದೊಳಗೆ. ಆಮೇಲೂ 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮುಂದುವರಿಸಬೇಕು, ಏಕೆಂದರೆ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕರಗುವವರೆಗೆ ಲಸಿಕೆ ಹಿಡಿಯುವುದಿಲ್ಲ. ಅದು ಯಾವ ವಾರ ಕರಗುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ನೆಲವನ್ನು ಮೊದಲು ಸೋಪಿನಲ್ಲಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಲು ಬಿಡುತ್ತೇನೆ. ಕೊಳೆಯ ಮೇಲೆ ಸುರಿದ ಬ್ಲೀಚು ಕೊಳೆಗೇ ಖರ್ಚಾಗುತ್ತದೆ. ಮರಿ ನೋಡಲು ಬಂದವರು ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದೇ ಒಳಗೆ ಬರಬೇಕು. ಅದೇ ದಿನ ಇನ್ನೊಂದು ಕೆನೆಲ್‌ಗೆ ಹೋಗಿ ಬಂದಿದ್ದರೆ ಮರಿಗಳನ್ನು ಕಿಟಕಿಯಿಂದಷ್ಟೇ ತೋರಿಸುತ್ತೇನೆ.