ಜಾರುತ್ತಿದ್ದ ಆನೆಗಳು

ಹಳೇ ಸಾಮಾನಿನವರ ಹತ್ತಿರ ಪುಸ್ತಕಗಳ ಸಾಲು ಬೀಳದಂತೆ ಎರಡೂ ತುದಿಗೆ ಇಡುವ ಒಂದು ಜೋಡಿ ಆನೆ ಬುಕ್‌ಎಂಡ್ ಕೊಂಡಿದ್ದೆ. ನೋಡಲು ಭಾರೀ ಗತ್ತು. ಆದರೆ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ 8 ಸಂಪುಟಗಳನ್ನು ಒರಗಿಸಿದ ರಾತ್ರಿಯೇ ಜಾರಿ ದಬದಬ ಬಿದ್ದವು.

ತಿರುಗಿಸಿ ನೋಡಿದರೆ ತಳದ ಫೆಲ್ಟ್ ಬಟ್ಟೆ ಸವೆದು ಗಾಜಿನಷ್ಟು ನುಣುಪು. ಅದನ್ನು ಕೆರೆದು ರಬ್ಬರ್ ಹಾಳೆ ಅಂಟಿಸಿದೆ. ಜಾರುವುದು ನಿಂತಿತು, ಈಗ ಹಿಂದಕ್ಕೆ ವಾಲತೊಡಗಿದವು! ಒರಗಿದ ಪುಸ್ತಕ ತಳ್ಳುವುದು ಮೇಲ್ಗಡೆಯಿಂದ. ಆನೆಯ ತೂಕವೊಂದೇ ಸಾಲದು. ಕೊನೆಗೆ ತೆಳು ತಗಡಿನ ಪಟ್ಟಿಯನ್ನು ಅರಾಲ್ಡೈಟ್ ಅಂಟು ಹಾಕಿ ತಳಕ್ಕೆ ಕೂರಿಸಿ, ಐದಾರು ಇಂಚು ಪುಸ್ತಕಗಳ ಅಡಿಗೆ ಚಾಚಿದೆ. ಈಗ ನಿಘಂಟಿನ ಭಾರವೇ ಆನೆಯನ್ನು ಹಿಡಿದು ನಿಲ್ಲಿಸಿದೆ.

ನಡುವೆ ಅಮ್ಮ ಹುಣಸೆಹಣ್ಣು ತಂದು, "ಕೊಡೋ, ಉಜ್ಜಿ ಹೊಳೆಸ್ತೀನಿ" ಅಂದಳು. ಇದು ನಿಜಕ್ಕೂ ಹಿತ್ತಾಳೆಯೇನಾ ಅಂತ ಅನುಮಾನ ಬಂದು ಅಯಸ್ಕಾಂತ ಹಿಡಿದೆ. ಟಕ್ಕನೆ ಕಚ್ಚಿತು! ಅಪ್ಪಟ ಹಿತ್ತಾಳೆಗೆ ಅದು ಅಂಟುವುದಿಲ್ಲ. ಒಳಗಿರುವುದು ಕಬ್ಬಿಣ, ಮೇಲೆ ಬರೀ ಹಿತ್ತಾಳೆಯ ಲೇಪ. ಹುಳಿ ಹಚ್ಚಿ ತಿಕ್ಕಿದ್ದರೆ ಲೇಪ ಕಿತ್ತುಹೋಗಿ ತುಕ್ಕು ಹಿಡಿಯುತ್ತಿತ್ತು. ಒಣಬಟ್ಟೆಯಲ್ಲಿ ಒರೆಸಿ, ಚೂರು ಜೇನುಮೇಣ ಸವರಿದೆ, ಅಷ್ಟೇ.

ಅಮ್ಮನ ಹುಣಸೆಹಣ್ಣು ಸಾರಿಗೆ ಹೋಯಿತು.