ಎಡಚನ ಕೈಗೆ ಒಗ್ಗಿದ ಪಂಪ್ ರೈಫಲ್

ನಾನು ಎಡಚ. ಕೊಡಗಿನ ನಮ್ಮ ಮನೆಯಲ್ಲಿದ್ದ ಜೋಡಿ ನಳಿಗೆಯ ತೋಟಾ ಕೋವಿ ಎಡಗೈಯವರಿಗೂ ಬಲಗೈಯವರಿಗೂ ಒಂದೇ ಆಗಿತ್ತು. ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಎಡ ಹೆಗಲಿನಿಂದಲೇ ಈಡು ಹೊಡೆದು ಬೆಳೆದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ನೆಲೆಸಿ, ಬೇಟೆಗಾರರ ತರಬೇತಿ ಮುಗಿಸಿ, ಲೈಸೆನ್ಸ್ ಪಡೆದು ಗೆಳೆಯರೊಬ್ಬರ ಬೋಲ್ಟ್ ರೈಫಲ್ ಹಿಡಿದಾಗ ಮೊದಲ ಸಲ ತೊಡಕಾಯಿತು. ಬೋಲ್ಟಿನ ಹಿಡಿ ಬಲಗಡೆ. ಪ್ರತಿ ಈಡಿನ ನಂತರ ಖಾಲಿ ತೋಟಾ ತೆಗೆದು ಹೊಸದು ತುಂಬಲು ಎಡಗೈಯನ್ನು ಕುದುರೆಯಿಂದ (ಟ್ರಿಗರ್) ತೆಗೆದು ಕೋವಿಯ ಮೇಲಿನಿಂದ ಆಚೆಗೆ ಚಾಚಬೇಕು. ಅಷ್ಟರಲ್ಲಿ ಕೆನ್ನೆ ಮೇಲೇಳುತ್ತದೆ, ಸ್ಕೋಪಿನೊಳಗಿದ್ದ ಗುರಿ ಕಳೆದುಹೋಗುತ್ತದೆ.

ಹಳೆಯ ಕೋವಿಗಳ ಅಂಗಡಿಯೊಂದರಲ್ಲಿ ರೆಮಿಂಗ್ಟನ್ 760 ಗೇಮ್‌ಮಾಸ್ಟರ್ ಸಿಕ್ಕಿತು. 1952ರಿಂದ 1981ರವರೆಗೆ ಸುಮಾರು ಹತ್ತು ಲಕ್ಷ ತಯಾರಾದ ಪಂಪ್ ರೈಫಲ್ ಅದು; ನಳಿಗೆಯ ಕೆಳಗಿನ ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ಮುಂದೆ ತಳ್ಳಿದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಗೆ ಬರುತ್ತದೆ. ನಳಿಗೆಯ ಎಡ ಮಗ್ಗುಲಲ್ಲಿ ಕೆ, ಎಲ್ ಎಂಬ ಎರಡು ಪುಟ್ಟ ಇಂಗ್ಲಿಷ್ ಅಕ್ಷರಗಳಿದ್ದವು; ಅದು ತಯಾರಾದ ತಿಂಗಳು ಮತ್ತು ವರ್ಷದ ಸಂಕೇತ. ‘ಬ್ಲ್ಯಾಕ್‌ಪೌಡರ್’ ಎಂಬ ಪದದ ಕೊನೆಗೊಂದು ಎಕ್ಸ್ ಸೇರಿಸಿದರೆ ಇಂಗ್ಲಿಷಿನಲ್ಲಿ 12 ಅಕ್ಷರಗಳು, ಕ್ರಮವಾಗಿ 12 ತಿಂಗಳುಗಳು. ಐದನೆಯದು ಕೆ, ಎಂದರೆ ಮೇ. ವರ್ಷದ ಅಕ್ಷರ ಎಲ್ ಎಂದರೆ 1964. ಕೋವಿ ಕೊಳ್ಳುವವರು ತುಂಬುವ ಸರ್ಕಾರಿ ನಮೂನೆ ಫಾರ್ಮ್ 4473 ತುಂಬಿ, ಹಿನ್ನೆಲೆಯ ತಪಾಸಣೆ ಮುಗಿಸಿ, ಅದನ್ನು ಮನೆಗೆ ತಂದೆ.

ಈ ರಾಜ್ಯದಲ್ಲಿ ಪಂಪ್ ರೈಫಲ್ ಇಷ್ಟೊಂದು ಬೇರೂರಲು ಕಾರಣವಿದೆ. ಜಿಂಕೆ ಬೇಟೆಗೆ ಇಲ್ಲಿ ಸೆಮಿ ಆಟೊಮ್ಯಾಟಿಕ್, ಎಂದರೆ ಪ್ರತಿ ಈಡಿನ ನಂತರ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ರೈಫಲ್ ಒಯ್ಯುವಂತಿಲ್ಲ. ದಟ್ಟ ಕಾಡಿನಲ್ಲಿ ಓಡುವ ಜಿಂಕೆಗೆ ಎರಡನೆಯ ಈಡು ಬೇಗ ಬೇಕೆನ್ನುವವರು ಪಂಪ್ ಹಿಡಿದರು. ಆಧುನಿಕ ಯಂತ್ರಗಳಿಂದ ದೂರವಿರುವ ಇಲ್ಲಿನ ಅಮಿಶ್ ಪಂಗಡದ ಹೆಸರಿನಲ್ಲಿ ಅದನ್ನು ‘ಅಮಿಶ್ ಮೆಷಿನ್ ಗನ್’ ಎಂದು ಅಕ್ಕರೆಯಿಂದ ಕರೆಯುವುದೂ ಉಂಟು. ಹಿಂದಿನ ರೆಮಿಂಗ್ಟನ್ 14ರಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಕೂರುತ್ತಿದ್ದವು. ಚೂಪು ಗುಂಡಿನ ಮೂತಿ ಮುಂದಿನ ತೋಟಾದ ಬುಡದಲ್ಲಿರುವ, ಪೆಟ್ಟು ಬಿದ್ದರೆ ಸಿಡಿಯುವ ಕೇಪಿಗೆ ತಾಗಿದರೆ ಅಪಾಯ. ಅದಕ್ಕಾಗಿ ಅದರ ವಿನ್ಯಾಸಕ ಜಾನ್ ಪೆಡರ್ಸನ್ ಆ ಕೊಳವೆಯನ್ನೇ ಸುರುಳಿಯಾಗಿ ತಿರುಚಿದ. ಅಂತಹ ಚಾತುರ್ಯ ಕಂಡಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. 760ಕ್ಕೆ ಆ ಕಷ್ಟವಿಲ್ಲ. ನಾಲ್ಕು ತೋಟಾ ಹಿಡಿಯುವ, ಕಳಚಬಹುದಾದ ಪೆಟ್ಟಿಗೆ ಮ್ಯಾಗಜೀನ್ ಇದೆ. ತಿರುಗುವ ಬೋಲ್ಟ್ ನಳಿಗೆಯ ಬುಡಕ್ಕೇ ಬಿಗಿಯಾಗಿ ಕಚ್ಚಿಕೊಳ್ಳುವುದರಿಂದ .30-06ರಂತಹ ಬಲವಾದ ತೋಟಾವನ್ನೂ ಅದು ತಾಳಿಕೊಳ್ಳುತ್ತದೆ.

ಗುರಿ ಅಭ್ಯಾಸದ ಮೊದಲ ದಿನವೇ ಎಡವಿದೆ. ಹಳೆಯ ಕೋವಿ, ನೋವಾದೀತು ಎಂಬಂತೆ ಪಂಪನ್ನು ಮೆಲ್ಲಗೆ ಎಳೆದೆ. ಖಾಲಿ ತೋಟಾ ಹೊರಬಿತ್ತು, ಹೊಸದು ಒಳಗೆ ಬರಲಿಲ್ಲ. ಕುದುರೆ ಎಳೆದರೆ ಬರೀ ‘ಟಕ್’. ಪಕ್ಕದ ಮೇಜಿನಲ್ಲಿದ್ದ ಹಿರಿಯರು, ‘ಹೆದರಬೇಡ, ತುದಿ ಮುಟ್ಟುವವರೆಗೆ ಎಳೆ, ಅಷ್ಟೇ ಜೋರಾಗಿ ಮುಂದೆ ತಳ್ಳು’ ಎಂದರು. ಆಮೇಲೆ ಎರಡು ವಾರ ಮನೆಯಲ್ಲಿ ಡಮ್ಮಿ ತೋಟಾ ಹಾಕಿ, ಗೋಡೆಯ ಮೇಲಿನ ಒಂದು ಚುಕ್ಕೆಯಿಂದ ಕಣ್ಣು ತೆಗೆಯದೆ ಪಂಪ್ ಮಾಡಿದೆ. ಎಡಗೈ ಕುದುರೆಯ ಬಳಿ, ಕೆನ್ನೆ ಮರದ ಮೇಲೆ, ಕೆಲಸವೆಲ್ಲ ಬಲಗೈಯದು. ನನ್ನ ದೇಹಕ್ಕೆ ಎದುರಾಡದ ರೈಫಲ್ ಕೊನೆಗೂ ಸಿಕ್ಕಿತ್ತು.

ಕೊರತೆಗಳೂ ಇವೆ. ನಾನು ನಡೆಯುವಾಗ ಮುಂದಿನ ಹಿಡಿ ಗಡಗಡ ಅನ್ನುತ್ತದೆ, ಒತ್ತಿ ಹಿಡಿದೇ ನಡೆಯಬೇಕು. ಬೋಲ್ಟನ್ನು ಸುಲಭವಾಗಿ ಹೊರತೆಗೆಯಲಾಗದ್ದರಿಂದ ನಳಿಗೆಯನ್ನು ಬಾಯಿಯ ಕಡೆಯಿಂದಲೇ ಒರೆಸುತ್ತೇನೆ. ಒರೆಸುವ ಸರಳು ಬಾಯಿಯ ಅಂಚಿಗೆ ಉಜ್ಜಿದರೆ ಗುರಿ ಕೆಡುತ್ತದೆ. ಅದಕ್ಕಾಗಿ ನಳಿಗೆಯ ಬಾಯಿಗೆ ರಕ್ಷಣೆಯ ಬಿಲ್ಲೆ ಹಾಕುವುದನ್ನು ಎಂದೂ ತಪ್ಪಿಸಿಲ್ಲ. ತೋಟಾ ಕೂರುವ ಗೂಡು ಕೊಳೆಯಾದರೆ ಖಾಲಿ ತೋಟಾ ಅಂಟಿಕೊಳ್ಳುತ್ತದೆ. ಬೋಲ್ಟ್ ಕೋವಿಯಂತೆ ಮೀಟಿ ಬಿಡಿಸುವ ಬಲ ಪಂಪಿಗಿಲ್ಲ. ಇನ್ನೊಂದು, ಮ್ಯಾಗಜೀನ್ ಕಳಚಿದ ಮಾತ್ರಕ್ಕೆ ಕೋವಿ ಖಾಲಿಯಾಗುವುದಿಲ್ಲ. ಗೂಡಿನಲ್ಲಿ ಒಂದು ತೋಟಾ ಉಳಿದಿರಬಹುದು. ಪ್ರತಿ ಸಲವೂ ಪಂಪ್ ಎಳೆದು, ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳುತ್ತೇನೆ.

ಆ ನವೆಂಬರ್ ಕೊನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಜಿಂಕೆ ಬೇಟೆಯ ಋತುವಿನಲ್ಲಿ, ಕಿತ್ತಳೆ ಅಂಗಿ ತೊಟ್ಟು ಓಕ್ ಮರಗಳ ಇಳಿಜಾರಿನಲ್ಲಿ ನಿಂತಿದ್ದೆ. ತುಸುವೇ ಹಿಮ ಬಿದ್ದಿತ್ತು. ಸುಮಾರು 60 ಗಜ ದೂರದಲ್ಲಿ ಕೊಂಬಿನ ಗಂಡು ಜಿಂಕೆ ಹೊರಬಂದು ನಿಂತಿತು. ಕೊಂಬಿನ ಕವಲುಗಳನ್ನು ಎಣಿಸಿ, ಹಿಂದೆ ಮಣ್ಣಿನ ದಿಬ್ಬವಿದೆಯೆಂದು ಖಾತರಿ ಮಾಡಿಕೊಂಡು ಕುದುರೆ ಎಳೆದೆ. ಗುಂಡು ತಗುಲಿತು, ಆದರೆ ಅದು ಬೀಳಲಿಲ್ಲ. ಗಾಯಗೊಂಡ ಪ್ರಾಣಿಯನ್ನು ಕಾಡಿಗೆ ಬಿಡುವುದಕ್ಕಿಂತ ನನ್ನನ್ನು ಕಾಡುವುದು ಬೇರೊಂದಿಲ್ಲ. ಸ್ಕೋಪಿನಿಂದ ಅದು ಮರೆಯಾಗುವ ಮುನ್ನವೇ ಎರಡನೆಯ ಈಡು ಹಾರಿತ್ತು. ಅದು ಅಲ್ಲಿಯೇ ಕುಸಿಯಿತು. ಬಲಗೈ ಯಾವಾಗ ಪಂಪ್ ಎಳೆಯಿತೋ ನೆನಪಿಲ್ಲ. ಆಮೇಲೆ ಹಿಮದಲ್ಲಿ ಹುಡುಕಿದಾಗ ನನ್ನ ಬಲಕ್ಕೆ ಎರಡು ಹಿತ್ತಾಳೆಯ ಖಾಲಿ ತೋಟಾಗಳು ಸಿಕ್ಕವು, ಒಂದರಿಂದ ಒಂದು ಮೊಳ ದೂರದಲ್ಲಿ.